ಮಂಜುಗಡ್ಡೆಯ ಕೆಳಗಿನ ಉಬ್ಬರವಿಳಿತ: ಆರ್ಕ್ಟಿಕ್ ಸಾಗರದ ಜಲಸ್ತರ ಮಾಪನದ ಚರಿತ್ರೆ

ಪ್ರವೇಶ

ಸಮುದ್ರದ ಉಬ್ಬರವಿಳಿತವನ್ನು ಅಳೆಯುವುದು ಮೇಲ್ನೋಟಕ್ಕೆ ಸರಳವಾದ ಕಾರ್ಯ. ದಡದಲ್ಲಿ ಅಡಿ-ಅಂಗುಲಗಳ ಗುರುತು ಕೊರೆದ ಕಂಬವೊಂದನ್ನು ನೆಟ್ಟು, ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಗಡಿಯಾರದೊಡನೆ ಹೋಲಿಸಿ ಬರೆದಿಟ್ಟುಕೊಂಡರೆ ಮಾಪನ ಮುಗಿಯಿತು. ಪ್ರಪಂಚದ ಬಹುತೇಕ ಬಂದರುಗಳಲ್ಲಿ ಶತಮಾನಗಳಿಂದ ನಡೆದುಬಂದಿರುವ ಪದ್ಧತಿ ಇದೇ. ಆದರೆ ವರ್ಷದ ಬಹುಭಾಗ ಮಂಜುಗಡ್ಡೆ ಮುಚ್ಚಿಕೊಂಡಿರುವ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನ ದರ್ಶನವಿಲ್ಲದ, ನೂರಾರು ಮೈಲಿ ದೂರದವರೆಗೆ ಬಂದರೊಂದೂ ಇಲ್ಲದ ಆರ್ಕ್ಟಿಕ್ ಸಾಗರದಲ್ಲಿ ಈ ಸರಳತೆ ಉಳಿಯುವುದಿಲ್ಲ. ಅಲ್ಲಿ ನೆಟ್ಟ ಕಂಬವನ್ನು ಚಲಿಸುವ ಮಂಜುಗಡ್ಡೆ ಮುರಿದುಹಾಕುತ್ತದೆ. ಕೊಳವೆಯೊಳಗೆ ತೇಲುಬುರುಡೆಯನ್ನಿಟ್ಟು ಅಳೆಯುವ ಉಪಕರಣದಲ್ಲಿ ನೀರೇ ಹೆಪ್ಪುಗಟ್ಟುತ್ತದೆ. ಅಳೆಯುವವನು ಅಲ್ಲಿ ಬದುಕಿ ಉಳಿಯುವುದೇ ಒಂದು ಸಾಹಸವಾಗುತ್ತದೆ.

ಇಂತಹ ಸಾಗರದಲ್ಲಿ ಉಬ್ಬರವಿಳಿತವನ್ನು ಅಳೆಯಲು ಕಳೆದ 200 ವರ್ಷಗಳಲ್ಲಿ ನಡೆದ ಪ್ರಯತ್ನಗಳನ್ನು, ವಿಶೇಷವಾಗಿ ಸಮುದ್ರತಳದ ಒತ್ತಡಮಾಪಕದ ಬಳಕೆಯನ್ನು, ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಇದನ್ನು ಕೇವಲ ಉಪಕರಣಗಳ ಸುಧಾರಣೆಯ ಚರಿತ್ರೆಯೆಂದು ಓದಬಾರದೆಂಬುದು ಇಲ್ಲಿನ ಪ್ರತಿಪಾದನೆ. ಅಳೆಯುವವನು ಎಲ್ಲಿ ನಿಂತಿದ್ದನು, ಎಷ್ಟು ಕಾಲ ನಿಂತಿದ್ದನು ಎಂಬುದು ಅವನ ತೀರ್ಮಾನವನ್ನು ರೂಪಿಸುತ್ತದೆ. ಅಂಚಿನಲ್ಲಿ ನಿಂತು ನಡುಗಡಲನ್ನು ಊಹಿಸಿದಾಗ ಒಮ್ಮೆ ಸತ್ಯ ಗೋಚರಿಸಿತು. ಇನ್ನೊಮ್ಮೆ ಇಲ್ಲದ ಭೂಖಂಡವೊಂದು ಹುಟ್ಟಿಕೊಂಡಿತು.

ಅತಿಥಿಯಾಗಿ ಬರುವ ಅಲೆ

ಚಂದ್ರ ಮತ್ತು ಸೂರ್ಯರ ಗುರುತ್ವಾಕರ್ಷಣೆಯೇ ಉಬ್ಬರವಿಳಿತಕ್ಕೆ ಕಾರಣವೆಂಬುದನ್ನು 1687ರಲ್ಲಿ ನ್ಯೂಟನ್ ಸಿದ್ಧಾಂತರೂಪದಲ್ಲಿ ಮಂಡಿಸಿದರು. ಭೂಮಿಯು ತನ್ನ ಅಕ್ಷದ ಸುತ್ತ ತಿರುಗುವಾಗ ಒಂದು ಸ್ಥಳವು ಚಂದ್ರನಿಗೆ ಹತ್ತಿರವಾಗುತ್ತ, ದೂರವಾಗುತ್ತ ಹೋಗುವುದರಿಂದ ದಿನಕ್ಕೆ ಒಂದು ಅಥವಾ ಎರಡು ಬಾರಿ ನೀರು ಏರಿ ಇಳಿಯುತ್ತದೆ. ಆದರೆ ಧ್ರುವಬಿಂದುವಿನ ಸ್ಥಿತಿ ಭಿನ್ನ. ಭೂಮಿಯ ಆವರ್ತನದಿಂದ ಆ ಬಿಂದು ಸ್ಥಾನ ಬದಲಿಸುವುದಿಲ್ಲ. ಅಲ್ಲಿಂದ ನೋಡಿದರೆ ಚಂದ್ರನು ದಿನವಿಡೀ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸುತ್ತುತ್ತಿರುತ್ತಾನೆ. ಆದುದರಿಂದ ಧ್ರುವದಲ್ಲಿ ನೇರ ಆಕರ್ಷಣೆಯಿಂದ ಉಂಟಾಗುವ ದೈನಿಕ ಏರಿಳಿತವೇ ಇಲ್ಲ. ಅದರ ಸುತ್ತಲಿನ ಸಾಗರದಲ್ಲಿಯೂ ಆ ಬಲ ಕ್ಷೀಣವಾದದ್ದು.

ಹೀಗಿದ್ದರೂ ಆರ್ಕ್ಟಿಕ್ ಸಾಗರದಲ್ಲಿ ಉಬ್ಬರವಿಳಿತವಿದೆ. ಅದು ಮುಖ್ಯವಾಗಿ ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟಿ, ಗ್ರೀನ್‌ಲ್ಯಾಂಡ್ ಮತ್ತು ನಾರ್ವೆಗಳ ನಡುವಣ ಕಡಲಿನ ಮೂಲಕ ಉತ್ತರಕ್ಕೆ ಸಾಗಿ ಬರುವ ಅಲೆ. ಒಂದು ಅರ್ಥದಲ್ಲಿ ಅದು ಅತಿಥಿ. ಅತಿಥಿಯು ಯಾವ ದಾರಿಯಿಂದ ಬಂದನು, ದಾರಿಯಲ್ಲಿ ಎಷ್ಟು ತಡವಾಯಿತು, ಎಷ್ಟು ದಣಿದನು ಎಂಬುದನ್ನು ತಿಳಿದರೆ ದಾರಿಯ ಸ್ವರೂಪವನ್ನೂ ತಿಳಿಯಬಹುದು. ಮನುಷ್ಯರು ಕಾಲಿಡಲಾಗದ ನಡುಗಡಲಿನ ವಿಷಯದಲ್ಲಿ ಉಬ್ಬರವಿಳಿತದ ದಾಖಲೆಗೆ 19ನೇ ಶತಮಾನದಲ್ಲಿ ಅಸಾಧಾರಣ ಮಹತ್ವ ಬಂದದ್ದು ಈ ಕಾರಣದಿಂದಲೇ.

ಚಳಿಗಾಲದ ಕಾವಲುಗಾರರು

ವಾಯವ್ಯ ಜಲಮಾರ್ಗವನ್ನು ಅರಸಿ ಹೊರಟ ಬ್ರಿಟಿಷ್ ನೌಕೆಗಳು ಮಂಜುಗಡ್ಡೆಯಲ್ಲಿ ಸಿಲುಕಿ ಚಳಿಗಾಲ ಕಳೆಯುವುದು ಅನಿವಾರ್ಯವಾಗಿತ್ತು. 1819-20ರಲ್ಲಿ ಎಡ್ವರ್ಡ್ ಪ್ಯಾರಿ ಅವರ ತಂಡ ಮೆಲ್ವಿಲ್ ದ್ವೀಪದಲ್ಲಿಯೂ, 1848-49ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಅವರ ತಂಡ ಪೋರ್ಟ್ ಲಿಯೋಪೋಲ್ಡ್‌ನಲ್ಲಿಯೂ ಹೀಗೆ ತಂಗಿದವು. ಈ ಬಲವಂತದ ತಂಗುವಿಕೆಯೇ ಮಾಪನಕ್ಕೆ ಅವಕಾಶ ಒದಗಿಸಿತು. ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು ತಳಕ್ಕೆ ಭಾರವನ್ನಿಳಿಸಿ, ಅದಕ್ಕೆ ಕಟ್ಟಿದ ಹಗ್ಗವನ್ನು ಮೇಲೆ ರಾಟೆಯ ಮೂಲಕ ಹಾಯಿಸಿದರೆ, ನೀರಿನೊಡನೆ ಮಂಜುಗಡ್ಡೆ ಏರಿ ಇಳಿದಂತೆ ಹಗ್ಗವೂ ಸರಿಯುತ್ತದೆ. ಆ ಚಲನೆಯನ್ನು ಗಂಟೆಗಂಟೆಗೂ ಓದಿ ಬರೆಯಬೇಕು. ರಂಧ್ರ ಮುಚ್ಚಿಕೊಳ್ಳದಂತೆ ಮತ್ತೆ ಮತ್ತೆ ಒಡೆಯುತ್ತಿರಬೇಕು. ಪೋರ್ಟ್ ಲಿಯೋಪೋಲ್ಡ್‌ನ ದಾಖಲೆಗಳನ್ನು 1860ರ ದಶಕದಲ್ಲಿ ಡಬ್ಲಿನ್ನಿನ ವಿದ್ವಾಂಸ ಸ್ಯಾಮ್ಯುಯೆಲ್ ಹಾಟನ್ ಗಣಿತಕ್ರಮದಿಂದ ವಿಶ್ಲೇಷಿಸಿದರು.

1871-73ರ ಅಮೆರಿಕನ್ ನೌಕೆ 'ಪೋಲಾರಿಸ್'ನ ವಿಜ್ಞಾನಿ ಎಮಿಲ್ ಬೆಸ್ಸೆಲ್ಸ್ ಅವರ ವೀಕ್ಷಣೆ ಇಲ್ಲಿ ವಿಶೇಷವಾಗಿ ಸ್ಮರಣೀಯ. ಗ್ರೀನ್‌ಲ್ಯಾಂಡ್ ಮತ್ತು ಎಲ್ಸ್‌ಮಿಯರ್ ದ್ವೀಪಗಳ ನಡುವಣ ಕಿರಿದಾದ ಜಲಸಂಧಿಯಲ್ಲಿ ದಕ್ಷಿಣದಿಂದ ಬರುವ ಉಬ್ಬರದ ಅಲೆಯನ್ನು ಉತ್ತರದಿಂದ ಬರುವ ಇನ್ನೊಂದು ಅಲೆ ಸಂಧಿಸುತ್ತದೆಂದು ಅವರು ಕಂಡುಕೊಂಡರು. ಉತ್ತರದಿಂದಲೂ ಅಲೆ ಬರುತ್ತಿದೆಯೆಂದಾದರೆ ಗ್ರೀನ್‌ಲ್ಯಾಂಡನ್ನು ಬಳಸಿ ಬರಲು ಸಮುದ್ರಮಾರ್ಗವಿರಲೇಬೇಕು. ಅರ್ಥಾತ್ ಗ್ರೀನ್‌ಲ್ಯಾಂಡ್ ಒಂದು ದ್ವೀಪವಾಗಿರಬೇಕು. ಅದರ ಉತ್ತರ ತುದಿಯನ್ನು ರಾಬರ್ಟ್ ಪಿಯರಿ ಪ್ರತ್ಯಕ್ಷವಾಗಿ ತಲುಪಿದ್ದು 1900ರಲ್ಲಿ. ಭೂಗೋಳದ ಸತ್ಯವೊಂದನ್ನು ನೀರಿನ ಏರಿಳಿತ ಮೊದಲೇ ಸೂಚಿಸಿತ್ತೆಂಬುದು ಗಮನಾರ್ಹ.

ಈ ದಾಖಲೆಗಳಿಗೆ ತೆತ್ತ ಬೆಲೆಯನ್ನು ಮರೆಯಲಾಗದು. ಮೊದಲ ಅಂತರರಾಷ್ಟ್ರೀಯ ಧ್ರುವ ವರ್ಷದ ಅಂಗವಾಗಿ 1881ರಲ್ಲಿ ಅಡಾಲ್ಫಸ್ ಗ್ರೀಲಿ ಅವರ ನೇತೃತ್ವದ 25 ಜನರ ತಂಡ ಎಲ್ಸ್‌ಮಿಯರ್ ದ್ವೀಪದ ಫೋರ್ಟ್ ಕಾಂಗರ್‌ನಲ್ಲಿ ನೆಲೆಸಿ, ಹವಾಮಾನ, ಕಾಂತತ್ವಗಳೊಡನೆ ಉಬ್ಬರವಿಳಿತವನ್ನೂ ದಾಖಲಿಸಿತು. ಆಹಾರ ತರಬೇಕಾದ ನೌಕೆಗಳು ತಲುಪಲಿಲ್ಲ. 1884ರ ಜೂನ್‌ನಲ್ಲಿ ರಕ್ಷಣಾ ತಂಡ ಬಂದಾಗ ಜೀವಂತವಾಗಿದ್ದವರು ಏಳೇ ಜನ; ಅವರಲ್ಲಿಯೂ ಒಬ್ಬರು ಹಿಂದಿರುಗುವ ದಾರಿಯಲ್ಲಿ ತೀರಿಕೊಂಡರು. ದಾಖಲೆಗಳು ಮಾತ್ರ ಉಳಿದು ಬಂದವು. 1908-09ರಲ್ಲಿ ಪಿಯರಿ ಅವರ ತಂಡವೂ ಕೇಪ್ ಶೆರಿಡನ್, ಕೇಪ್ ಬ್ರಯಂಟ್, ಫೋರ್ಟ್ ಕಾಂಗರ್ ಮೊದಲಾದೆಡೆಗಳಲ್ಲಿ ಉಬ್ಬರವನ್ನು ಅಳೆಯಿತು. ಆ ಕಾರ್ಯದಲ್ಲಿ ಪ್ರಮುಖರಾಗಿದ್ದ ರಾಸ್ ಮಾರ್ವಿನ್ 1909ರ ಏಪ್ರಿಲ್‌ನ ಹಿಮಯಾನದಿಂದ ಜೀವಂತ ಮರಳಲಿಲ್ಲ.

ಲಿಖಿತ ದಾಖಲೆಗಳ ಈ ಪರಂಪರೆಗೆ ಬಹಳ ಮೊದಲಿನಿಂದಲೂ ಆ ನೆಲದ ಇನ್ಯೂಟ್ ಜನರಿಗೆ ಉಬ್ಬರವಿಳಿತದ ನಿಕಟ ಪರಿಚಯವಿತ್ತು. ಹಡ್ಸನ್ ಜಲಸಂಧಿಯ ಕರಾವಳಿಯ ಕೆಲವು ಊರುಗಳಲ್ಲಿ ಚಳಿಗಾಲದ ಇಳಿತದ ವೇಳೆ ಮಂಜುಗಡ್ಡೆಯ ಕೆಳಗೆ ಉಂಟಾಗುವ ಪೊಳ್ಳಿನೊಳಗೆ ಇಳಿದು, ನೀರು ಮರಳಿ ಏರುವ ಮೊದಲು ಚಿಪ್ಪುಜೀವಿಗಳನ್ನು ಸಂಗ್ರಹಿಸಿ ಹೊರಬರುವ ರೂಢಿಯಿದೆ. ಗಳಿಗೆಯ ಲೆಕ್ಕ ತಪ್ಪಿದರೆ ಜೀವವೇ ಹೋಗುವ ಈ ಕೆಲಸಕ್ಕೆ ಬೇಕಾದ ಜ್ಞಾನ ಯಾವ ಕೋಷ್ಟಕದಿಂದಲೂ ಬಂದುದಲ್ಲ.

ಉಬ್ಬರವು ಸೃಷ್ಟಿಸಿದ ಭೂಮಿ

ಇಷ್ಟು ದಾಖಲೆಗಳು ಒಂದೆಡೆ ಸೇರಿದ ಮೇಲೆ ಅವುಗಳಿಂದ ಇಡೀ ಸಾಗರದ ಚಿತ್ರವನ್ನು ರಚಿಸುವ ಪ್ರಯತ್ನ ಸಹಜವಾಗಿತ್ತು. ಅದಕ್ಕೆ ಬೇಕಾದ ಗಣಿತ ಆಗಲೇ ಸಿದ್ಧವಾಗಿತ್ತು. 1860ರ ದಶಕದ ಕೊನೆಯಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದವರು, ಉಬ್ಬರವಿಳಿತವನ್ನು ಹಲವು ಘಟಕ ತರಂಗಗಳ ಮೊತ್ತವೆಂದು ಬಿಡಿಸುವ ವಿಧಾನವನ್ನು ರೂಪಿಸಿದ್ದರು. ಅದೇ ತತ್ತ್ವದ ಮೇಲೆ 1879ರಲ್ಲಿ ಭಾರತದ ಬಂದರುಗಳ ಉಬ್ಬರ ಕೋಷ್ಟಕಗಳನ್ನು ಸಿದ್ಧಪಡಿಸುವುದಕ್ಕಾಗಿಯೇ ಒಂದು ಯಂತ್ರವನ್ನು ಲಂಡನ್ನಿನಲ್ಲಿ ನಿರ್ಮಿಸಲಾಗಿತ್ತು.

ಅಮೆರಿಕದ ಕರಾವಳಿ ಮತ್ತು ಭೂಮಾಪನ ಇಲಾಖೆಯ ಗಣಿತಜ್ಞ ರೋಲಿನ್ ಹ್ಯಾರಿಸ್ ಈ ವಿಧಾನದಲ್ಲಿ ನುರಿತವರು. ಅಲಾಸ್ಕದ ಪಾಯಿಂಟ್ ಬ್ಯಾರೋದಲ್ಲಿ ಉಬ್ಬರದ ಅಂತರ ಕೆಲವೇ ಅಂಗುಲಗಳಷ್ಟು. ನಾರ್ಡೆನ್‌ಶಲ್ಡ್ ಅವರ 'ವೇಗಾ' ನೌಕೆ 1878-79ರಲ್ಲಿ ತಂಗಿದ್ದ ಸೈಬೀರಿಯದ ಪೂರ್ವ ತೀರದಲ್ಲಿಯೂ ಅದು ಅತ್ಯಲ್ಪ. ಅಟ್ಲಾಂಟಿಕ್‌ನಿಂದ ಹೊರಟ ಅಲೆ ಆಳವಾದ ತೆರೆದ ಸಾಗರವನ್ನು ನೇರವಾಗಿ ದಾಟಿ ಬಂದಿದ್ದರೆ ಇಷ್ಟು ತಡವಾಗಿ, ಇಷ್ಟು ಕ್ಷೀಣವಾಗಿ ಬರಬಾರದಾಗಿತ್ತೆಂದು ಹ್ಯಾರಿಸ್ ತರ್ಕಿಸಿದರು. ಅಲೆಗೆ ನಡುವೆ ಯಾವುದೋ ಅಡ್ಡಿಯಿದೆ; ಅದು ಅಜ್ಞಾತವಾದ ವಿಶಾಲ ಭೂಭಾಗವೇ ಆಗಿರಬೇಕು ಎಂಬ ತೀರ್ಮಾನವನ್ನು ಅವರು 1904ರಲ್ಲಿ ಸೂಚಿಸಿ, 1911ರ 'ಆರ್ಕ್ಟಿಕ್ ಟೈಡ್ಸ್' ಎಂಬ ಕೃತಿಯಲ್ಲಿ ವಿಸ್ತರಿಸಿದರು. 1906ರಲ್ಲಿ ಪಿಯರಿ ದೂರದಿಂದ ಕಂಡೆನೆಂದ 'ಕ್ರಾಕರ್ ಲ್ಯಾಂಡ್' ಈ ಊಹೆಗೆ ಬೆಂಬಲವಿತ್ತಂತೆ ತೋರಿತು. ಆದರೆ ಅದನ್ನು ಹುಡುಕಿ 1914ರಲ್ಲಿ ಮಂಜುಗಡ್ಡೆಯ ಮೇಲೆ ನಡೆದ ಡೊನಾಲ್ಡ್ ಮ್ಯಾಕ್‌ಮಿಲನ್ ಅವರ ತಂಡಕ್ಕೆ ದೊರೆತದ್ದು ಮರೀಚಿಕೆ ಮಾತ್ರ.

ಈ ಊಹೆಗೆ ವೈಜ್ಞಾನಿಕ ಉತ್ತರ ಬಂದದ್ದು ಉಬ್ಬರವಿಳಿತದಿಂದಲೇ. 'ಮಾಡ್' ನೌಕೆಯ ವಿಜ್ಞಾನಿ ಹರಾಲ್ಡ್ ಸ್ವೆರ್ಡ್ರುಪ್ 1922-24ರ ಅವಧಿಯಲ್ಲಿ ಸೈಬೀರಿಯದ ಉತ್ತರದ ಆಳವಿಲ್ಲದ ಕಡಲಿನಲ್ಲಿ ಮಂಜುಗಡ್ಡೆಯೊಡನೆ ತೇಲುತ್ತಲೇ ಉಬ್ಬರದ ಪ್ರವಾಹಗಳನ್ನು ಅಳೆದರು. ಅಲೆಯು ಉತ್ತರದ ಆಳಸಾಗರದಿಂದ ಅಡೆತಡೆಯಿಲ್ಲದೆ ಬರುತ್ತಿದೆ. ಆಳವಿಲ್ಲದ ವಿಶಾಲ ತಟದ ಮೇಲೆ ಭೂಮಿಯ ಆವರ್ತನ ಹಾಗೂ ಘರ್ಷಣೆಯ ಪರಿಣಾಮದಿಂದ ಅದು ಕ್ಷೀಣಿಸುತ್ತದೆ ಎಂದು ಅವರು 1926ರಲ್ಲಿ ತೋರಿಸಿದರು. ಅದೇ ವರ್ಷದ ಮೇ 11ರಂದು ಸ್ವಾಲ್‌ಬಾರ್ಡ್‌ನ ಕಾಂಗ್ಸ್‌ಫಿಯಾರ್ಡನ್ ತೀರದಿಂದ ಹೊರಟ 'ನಾರ್ಗೆ' ವಾಯುನೌಕೆ ಧ್ರುವವನ್ನು ದಾಟಿ, ಮೇ 14ರಂದು ಅಲಾಸ್ಕದ ಟೆಲ್ಲರ್‌ನಲ್ಲಿ ಇಳಿಯಿತು. ಅದರಲ್ಲಿದ್ದ ಅಮುಂಡ್‌ಸನ್, ಎಲ್ಸ್‌ವರ್ತ್, ನೊಬಿಲೆ ಮೊದಲಾದವರಿಗೆ ದಾರಿಯಲ್ಲಿ ಹೊಸ ಭೂಮಿ ಕಾಣಲಿಲ್ಲ.

ಹ್ಯಾರಿಸ್ ಅವರ ಗಣಿತ ದುರ್ಬಲವಾಗಿರಲಿಲ್ಲ; ಅವರು ಬಳಸಿದ ದಾಖಲೆಗಳೂ ಸುಳ್ಳಲ್ಲ. ಅವೆಲ್ಲವೂ ಅಂಚಿನವು ಎಂಬುದೇ ಅವರ ತೊಡಕು. ಬೆಸ್ಸೆಲ್ಸ್ ಅವರ ವಿಷಯದಲ್ಲಿ ಅಲೆಗಳ ಸಂಧಿಸ್ಥಾನವೇ ವೀಕ್ಷಣೆಗೆ ಸಿಕ್ಕಿತ್ತು. ಹ್ಯಾರಿಸ್ ಅವರಾದರೋ ಯಾರೂ ಅಳೆಯದ ನಡುಗಡಲಿನ ಮೌನಕ್ಕೆ ಅರ್ಥ ಹೇಳಬೇಕಾಗಿತ್ತು. ಆ ಮೌನವನ್ನು ಅವರು ಭೂಮಿಯಿಂದ ತುಂಬಿದರು.

ಎತ್ತರದಿಂದ ಭಾರದೆಡೆಗೆ

ನಡುಗಡಲಿನಲ್ಲಿ ಕಂಬ ನೆಡುವಂತಿಲ್ಲ. ಮೇಲಿನಿಂದ ಅಳೆಯಲಾಗದಿದ್ದರೆ ಕೆಳಗಿನಿಂದ ಅಳೆಯಬೇಕು. ಸಮುದ್ರತಳದಲ್ಲಿಟ್ಟ ಉಪಕರಣವೊಂದರ ಮೇಲೆ ಬೀಳುವ ಒತ್ತಡವು ಅದರ ಮೇಲಿನ ನೀರು ಮತ್ತು ವಾಯುವಿನ ಭಾರಕ್ಕೆ ಸಮನಾಗಿರುತ್ತದೆ. ನೀರು ಒಂದು ಸೆಂಟಿಮೀಟರ್ ಏರಿದರೆ ತಳದ ಒತ್ತಡ ಸುಮಾರು ಒಂದು ಮಿಲಿಬಾರ್‌ನಷ್ಟು ಹೆಚ್ಚುತ್ತದೆ. ಈ ತತ್ತ್ವವನ್ನು ಆಧರಿಸಿ 20ನೇ ಶತಮಾನದ ಆರಂಭದಲ್ಲಿಯೇ ಫ್ರಾನ್ಸಿನ ಜಲಮಾಪನ ಎಂಜಿನಿಯರ್ ಲೂಯಿ ಫಾವೆ ನೀರಿನಲ್ಲಿ ಮುಳುಗಿಸುವ ಉಬ್ಬರಮಾಪಕವನ್ನು ರಚಿಸಿದ್ದರು. ಆದರೆ ಸಾವಿರಾರು ಮೀಟರುಗಳ ನೀರಿನ ಭಾರವನ್ನು ತಡೆದುಕೊಂಡು, ಅದರಲ್ಲಿ ಕೆಲವೇ ಸೆಂಟಿಮೀಟರುಗಳ ವ್ಯತ್ಯಾಸವನ್ನು ಗುರುತಿಸಬಲ್ಲ ಸಂವೇದಕಗಳು ದೊರೆತದ್ದು 1960ರ ದಶಕದಿಂದೀಚೆಗೆ. ಫ್ರಾನ್ಸಿನಲ್ಲಿ ಎಯ್ರಿಯೆಸ್, ಕ್ಯಾಲಿಫೋರ್ನಿಯದಲ್ಲಿ ವಾಲ್ಟರ್ ಮಂಕ್ ಮತ್ತು ಫ್ರಾಂಕ್ ಸ್ನಾಡ್‌ಗ್ರಾಸ್ ಆಳಸಾಗರದ ಉಬ್ಬರವನ್ನು ಅಳೆಯುವಲ್ಲಿ ಮುಂದಾಳುಗಳಾದರು.

ಇಂತಹ ಮಾಪಕಗಳ ಪೈಕಿ ಹೆಚ್ಚು ನಂಬಿಕೆಗೆ ಪಾತ್ರವಾದುದು ಕ್ವಾರ್ಟ್ಸ್ ಸ್ಫಟಿಕದ ಸಂವೇದಕ. ಸ್ಫಟಿಕದ ಕಂಪನದ ಆವೃತ್ತಿ ಒತ್ತಡಕ್ಕೆ ಅನುಗುಣವಾಗಿ ಬದಲಾಗುತ್ತದೆ. ಕಂಪನಗಳನ್ನು ಎಣಿಸಿದರೆ ಒತ್ತಡ ತಿಳಿಯುತ್ತದೆ. ಉಷ್ಣತೆಯೂ ಕಂಪನವನ್ನು ಬದಲಿಸುವುದರಿಂದ ಅದನ್ನು ಪ್ರತ್ಯೇಕವಾಗಿ ಅಳೆದು ಲೆಕ್ಕ ಸರಿಪಡಿಸಬೇಕು. ಈ ಎಣಿಕೆ ಗಡಿಯಾರದ ಸಮಯದೊಡನೆ ಮೊದಲು ಕಾಂತಪಟ್ಟಿಯ ಮೇಲೆ, ಅನಂತರ ಎಲೆಕ್ಟ್ರಾನಿಕ್ ಸ್ಮೃತಿಕೋಶದಲ್ಲಿ ದಾಖಲಾಗತೊಡಗಿತು.

ಆರ್ಕ್ಟಿಕ್‌ನ ಮಟ್ಟಿಗೆ ಈ ವಿಧಾನದ ಅನುಕೂಲ ಅಸಾಧಾರಣವಾದುದು. ತೇಲುವ ಮಂಜುಗಡ್ಡೆಯು ತಾನು ಸ್ಥಳಾಂತರಿಸಿದ ನೀರಿನಷ್ಟೇ ತೂಗುತ್ತದೆಂಬುದು ಆರ್ಕಿಮಿಡೀಸನ ತತ್ತ್ವ. ಆದುದರಿಂದ ಮೇಲಿನ ನೀರು ಹೆಪ್ಪುಗಟ್ಟಿದರೂ, ಕರಗಿದರೂ ತಳದ ಮಾಪಕಕ್ಕೆ ಭಾರದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಲವು ತಲೆಮಾರುಗಳ ವೀಕ್ಷಕರನ್ನು ಕಾಡಿದ ಮಂಜುಗಡ್ಡೆ, ಮಾಪಕವು ತಳಕ್ಕಿಳಿದೊಡನೆ ಲೆಕ್ಕದಿಂದಲೇ ಮರೆಯಾಯಿತು.

ಕೆನಡಾದ ಉತ್ತರ ದ್ವೀಪಸಮೂಹದಲ್ಲಿ ಈ ಮಾಪನಕ್ಕೆ ಪ್ರಾಯೋಗಿಕ ಒತ್ತಾಸೆಯೂ ಇತ್ತು. ನೌಕಾನಕ್ಷೆಯಲ್ಲಿ ನಮೂದಿಸುವ ಆಳ ಅರ್ಥಪೂರ್ಣವಾಗಬೇಕಾದರೆ ಅಳೆದ ಕ್ಷಣದಲ್ಲಿ ಉಬ್ಬರವಿತ್ತೋ ಇಳಿತವಿತ್ತೋ ತಿಳಿದಿರಬೇಕು. 1958ರಲ್ಲಿ ಕೆನಡಾ ಸರ್ಕಾರ ಧ್ರುವೀಯ ಖಂಡಾಂಚು ಯೋಜನೆಯನ್ನು ಆರಂಭಿಸಿತು. 1970ರ ದಶಕದಲ್ಲಿ ತೈಲ ಮತ್ತು ಅನಿಲಗಳ ಶೋಧ ತೀವ್ರಗೊಂಡಿತು. ವಿಮಾನದಲ್ಲಿ ಮಂಜುಗಡ್ಡೆಯ ಮೇಲಿಳಿದು, ರಂಧ್ರ ಕೊರೆದು, ಮಾಪಕವನ್ನು ತಳಕ್ಕಿಳಿಸಿ, ವಾರಗಳ ಅನಂತರ ಮರಳಿ ಎತ್ತುವ ಕ್ರಮ ರೂಢಿಗೆ ಬಂದಿತು.

ಕಾಲಾವಧಿಯ ಪ್ರಶ್ನೆ

ಮಾಪಕವನ್ನು ಎಷ್ಟು ಕಾಲ ತಳದಲ್ಲಿಡಬೇಕೆಂಬುದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಚಂದ್ರನಿಂದಾಗುವ ಪ್ರಧಾನ ಘಟಕದ ಅವಧಿ 12.42 ಗಂಟೆ, ಸೂರ್ಯನಿಂದಾಗುವ ಘಟಕದ್ದು 12 ಗಂಟೆ. ಇವೆರಡನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ಸುಮಾರು 15 ದಿನಗಳ ದಾಖಲೆ ಬೇಕು. ಚಂದ್ರನ ದೂರದ ವ್ಯತ್ಯಾಸದಿಂದ ಹುಟ್ಟುವ ಘಟಕವನ್ನು ಗುರುತಿಸಲು 27.55 ದಿನಗಳು ಬೇಕು. ಇನ್ನು ಕೆಲವು ಘಟಕಗಳನ್ನು ಬಿಡಿಸಲು ಸುಮಾರು 183 ದಿನಗಳು ಅಗತ್ಯ. ಒಂದು ತಿಂಗಳ ದಾಖಲೆ ಕೈಯಲ್ಲಿರುವವನು ಉಳಿದುದನ್ನು ನೆರೆಯ ನಿಲ್ದಾಣದ ಅನುಪಾತದಿಂದ ಊಹಿಸಿಕೊಳ್ಳಬೇಕಾಗುತ್ತದೆ. ಹ್ಯಾರಿಸ್ ಸ್ಥಳದ ವಿಷಯದಲ್ಲಿ ಎದುರಿಸಿದ ಸಮಸ್ಯೆ ಇಲ್ಲಿ ಕಾಲದ ವಿಷಯದಲ್ಲಿ ಮರುಕಳಿಸುತ್ತದೆ.

ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಮಂಜುಗಡ್ಡೆಯು ತಳದ ಭಾರವನ್ನು ಬದಲಿಸದಿದ್ದರೂ ತೀರಕ್ಕೆ ಅಂಟಿಕೊಂಡು ನಿಂತಾಗ ಹರಿಯುವ ನೀರಿಗೆ ಘರ್ಷಣೆಯನ್ನು ಒಡ್ಡುತ್ತದೆ. ಕೆನಡಾದ ಗೇಬ್ರಿಯಲ್ ಗೊಡಿನ್ 1986ರಲ್ಲಿ ಪ್ರಕಟಿಸಿದ ಅಧ್ಯಯನವು ಹಡ್ಸನ್ ಮತ್ತು ಜೇಮ್ಸ್ ಕೊಲ್ಲಿಗಳ ಉಬ್ಬರವಿಳಿತ ಮಂಜುಗಡ್ಡೆಯ ಹೊದಿಕೆಯಿಂದ ಮಾರ್ಪಡುವುದನ್ನು ಚರ್ಚಿಸಿತು. ಚಳಿಗಾಲದ ಒಂದು ತಿಂಗಳ ಮಾಪನವನ್ನು ಬೇಸಿಗೆಗೂ ಅನ್ವಯಿಸುವುದು ಹೀಗಾಗಿ ಅಪಾಯಕಾರಿ. ವರ್ಷಪೂರ್ತಿ ತಳದಲ್ಲಿ ನಿಲ್ಲುವ ಮಾಪಕ ಈ ಎರಡೂ ಕೊರತೆಗಳಿಗೆ ಪರಿಹಾರ.

ಆದರೆ ವರ್ಷಪೂರ್ತಿ ತಳದಲ್ಲಿಟ್ಟ ಉಪಕರಣವನ್ನು ಮರಳಿ ಪಡೆಯುವುದು ಹೇಗೆ? ತೆರೆದ ಸಮುದ್ರದಲ್ಲಿ ಧ್ವನಿಸಂಕೇತ ಕಳುಹಿಸಿದರೆ ಉಪಕರಣವು ತನ್ನ ಭಾರವನ್ನು ಕಳಚಿಕೊಂಡು ಮೇಲೆ ತೇಲಿ ಬರುತ್ತದೆ. ಆರ್ಕ್ಟಿಕ್‌ನಲ್ಲಿ ಅದು ಮಂಜುಗಡ್ಡೆಯ ಅಡಿಯಲ್ಲಿ ಸಿಲುಕಿ ಶಾಶ್ವತವಾಗಿ ಕಳೆದುಹೋಗಬಹುದು. 2005ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೇಮ್ಸ್ ಮಾರಿಸನ್ ಮತ್ತು ಸಂಗಡಿಗರು ಉತ್ತರ ಧ್ರುವದ ಸಮೀಪ 4000 ಮೀಟರಿಗೂ ಹೆಚ್ಚು ಆಳದಲ್ಲಿ ಇಳಿಸಿದ ಒತ್ತಡಮಾಪಕಗಳಲ್ಲಿ ಇದಕ್ಕೆ ಬೇರೊಂದು ಉಪಾಯವಿತ್ತು. ಉಪಕರಣ ತಳದಲ್ಲಿಯೇ ಉಳಿಯುತ್ತದೆ. ಮಂಜುಗಡ್ಡೆಯ ರಂಧ್ರದಲ್ಲಿ ಇಳಿಬಿಟ್ಟ ಗ್ರಾಹಕಕ್ಕೆ ಧ್ವನಿಯ ಮೂಲಕ ತನ್ನ ದಾಖಲೆಯನ್ನು ಒಪ್ಪಿಸುತ್ತದೆ.

ದೋಷವೇ ಗುಣವಾದ ಬಗೆ

ಒತ್ತಡಮಾಪಕ ನೀರಿನ ಎತ್ತರವನ್ನು ಅಳೆಯುವುದಿಲ್ಲ, ಭಾರವನ್ನು ಅಳೆಯುತ್ತದೆ. ಉಷ್ಣತೆ ಹೆಚ್ಚಿ ನೀರು ಹಿಗ್ಗಿದರೆ ಸಮುದ್ರಮಟ್ಟ ಏರುತ್ತದೆ. ಆದರೆ ಭಾರ ಬದಲಾಗದಿರುವುದರಿಂದ ತಳದ ಮಾಪಕ ಆ ಏರಿಕೆಯನ್ನು ಅರಿಯದು. ಸಂವೇದಕದ ಶೂನ್ಯಬಿಂದುವೂ ಕಾಲಕ್ರಮದಲ್ಲಿ ನಿಧಾನವಾಗಿ ಸರಿಯುತ್ತದೆ. ಆದಕಾರಣ ದಶಕಗಳ ಸಮುದ್ರಮಟ್ಟ ಏರಿಕೆಯನ್ನು ತಿಳಿಯಲು ದಡದ ನಿಲ್ದಾಣಗಳನ್ನು ಬಿಡುವಂತಿಲ್ಲ. ಸೋವಿಯತ್ ಕಾಲದಲ್ಲಿ ಸೈಬೀರಿಯದ ತೀರದುದ್ದಕ್ಕೂ ನಡೆಯುತ್ತಿದ್ದ ಇಂತಹ ನಿಲ್ದಾಣಗಳಲ್ಲಿ ಹಲವು 1990ರ ದಶಕದಲ್ಲಿ ಮುಚ್ಚಿಹೋದುದು ಈ ದೃಷ್ಟಿಯಿಂದ ದೊಡ್ಡ ನಷ್ಟ.

ಆದರೆ ಎತ್ತರವನ್ನು ಕಾಣದ ಈ ಕುರುಡೇ ಮುಂದೆ ಉಪಕಾರಕ್ಕೆ ಬಂದಿತು. 2002ರಲ್ಲಿ ಉಡಾಯಿಸಿದ ಗ್ರೇಸ್ ಅವಳಿ ಉಪಗ್ರಹಗಳು ಭೂಮಿಯ ಗುರುತ್ವದ ಸೂಕ್ಷ್ಮ ಬದಲಾವಣೆಗಳಿಂದ ನೀರಿನ ರಾಶಿಯ ಸ್ಥಳಾಂತರವನ್ನು ಅಂದಾಜು ಮಾಡುತ್ತಿದ್ದವು. ಆ ಅಂದಾಜನ್ನು ಒರೆಗೆ ಹಚ್ಚಲು ಸಮುದ್ರದ ಭಾರವನ್ನೇ ಅಳೆಯುವ ಉಪಕರಣ ಬೇಕಾಗಿತ್ತು. ಧ್ರುವದ ಸಮೀಪದ ಮಾಪಕಗಳ ದಾಖಲೆಯೂ ಉಪಗ್ರಹದ ಅಂದಾಜೂ ಹೊಂದಿಕೆಯಾಗುತ್ತವೆಂದು ಮಾರಿಸನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದರು. ಸಮುದ್ರಮಟ್ಟದ ಎತ್ತರವನ್ನು ಅಳೆಯುವ ಉಪಗ್ರಹಗಳ ವಿಷಯದಲ್ಲಿಯೂ ತಳದ ಮಾಪಕಗಳ ಅಗತ್ಯ ತಪ್ಪಿಲ್ಲ. 1992ರ ಟೋಪೆಕ್ಸ್-ಪೊಸೈಡನ್ ಉಪಗ್ರಹದ ವ್ಯಾಪ್ತಿ 66 ಡಿಗ್ರಿ ಅಕ್ಷಾಂಶಕ್ಕೆ ಕೊನೆಗೊಂಡಿತ್ತು. 2010ರ ಕ್ರಯೋಸ್ಯಾಟ್-2 ಉಪಗ್ರಹವು 88 ಡಿಗ್ರಿಯವರೆಗೆ ತಲುಪಿದರೂ ಮಂಜುಗಡ್ಡೆಯ ಬಿರುಕುಗಳಲ್ಲಿ ಕಾಣುವ ನೀರಿನಿಂದಲೇ ಸಮುದ್ರಮಟ್ಟವನ್ನು ತಿಳಿಯಬೇಕಾಗಿದೆ.

ಉಪಸಂಹಾರ

1926ರಲ್ಲಿ 'ನಾರ್ಗೆ' ವಾಯುನೌಕೆ ಹೊರಟ ಕಾಂಗ್ಸ್‌ಫಿಯಾರ್ಡನ್ ತೀರದಲ್ಲಿಯೇ 2008ರಲ್ಲಿ ಭಾರತದ 'ಹಿಮಾದ್ರಿ' ಸಂಶೋಧನಾ ಕೇಂದ್ರ ಆರಂಭವಾಯಿತು. 2014ರಲ್ಲಿ ಅದೇ ಕಡಲಿನ 192 ಮೀಟರ್ ಆಳದಲ್ಲಿ ಭಾರತೀಯ ವಿಜ್ಞಾನಿಗಳು 'ಇಂಡ್‌ಆರ್ಕ್' ಎಂಬ ಲಂಗರು ಹಾಕಿದ ವೀಕ್ಷಣಾಲಯವನ್ನು ಸ್ಥಾಪಿಸಿದರು. ನೀರಿನ ಉಷ್ಣತೆ, ಲವಣಾಂಶ, ಪ್ರವಾಹಗಳನ್ನು ಅಳೆಯುವ ಈ ವ್ಯವಸ್ಥೆಯ ಉದ್ದೇಶ ಬೇರೆಯಾದರೂ ಮನುಷ್ಯರು ಕಾವಲಿಲ್ಲದ ವೇಳೆಯಲ್ಲಿ ಉಪಕರಣವನ್ನು ನೀರಿನಡಿಯಲ್ಲಿ ನಂಬಿ ಬಿಟ್ಟುಬರುವ ಪರಂಪರೆಗೇ ಅದೂ ಸೇರಿದೆ.

ಈ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಒತ್ತಡಮಾಪಕವು ವೀಕ್ಷಕನನ್ನು ಅಂಚಿನಿಂದ ನಡುಗಡಲಿಗೆ, ಮೇಲಿನಿಂದ ತಳಕ್ಕೆ ಸ್ಥಳಾಂತರಿಸಿತು. ಹ್ಯಾರಿಸ್ ಅವರ ಕಾಲ್ಪನಿಕ ಭೂಮಿ ಇದ್ದಿರಬೇಕಾದ ಸಾಗರದಲ್ಲಿಯೇ ಇಂದು ಉಬ್ಬರವನ್ನು ಓದಲು ಸಾಧ್ಯವಾಗಿದೆ. ಎರಡನೆಯದಾಗಿ, ಉಪಕರಣ ಹೊಸತಾದ ಮಾತ್ರಕ್ಕೆ ಹಳೆಯ ದಾಖಲೆ ನಿರುಪಯುಕ್ತವಾಗಲಿಲ್ಲ. ಫೋರ್ಟ್ ಕಾಂಗರ್‌ನಲ್ಲಿ 1880ರ ದಶಕದಲ್ಲಿ ಗಂಟೆಗಂಟೆಗೂ ಬರೆದ ಅಂಕಿಗಳು, ಆ ಕಡಲು ಅಂದು ಹೇಗಿತ್ತೆಂಬುದಕ್ಕೆ ಇರುವ ಸಾಕ್ಷಿ. ಮಂಜುಗಡ್ಡೆ ತೆಳುವಾಗುತ್ತಿರುವ ನಮ್ಮ ಕಾಲದಲ್ಲಿ ಉಬ್ಬರವಿಳಿತ ಬದಲಾಗಿದೆಯೇ ಎಂದು ಕೇಳುವವರು ಆ ಪುಟಗಳಿಗೇ ಮರಳಬೇಕು. ಹ್ಯಾರಿಸ್ ಅವರ ಭೂಮಿ ನಕ್ಷೆಯಿಂದ ಅಳಿಸಿಹೋಯಿತು; ಅವರು ಆಧಾರವಾಗಿಟ್ಟುಕೊಂಡ ಅಂಕಿಗಳು ಅಳಿಸಲಿಲ್ಲ. ವೀಕ್ಷಣೆಯನ್ನೂ ಅದರ ಅರ್ಥವಿವರಣೆಯನ್ನೂ ಬೇರೆ ಬೇರೆಯಾಗಿ ಕಾಪಿಡಬೇಕೆಂಬ ವಿವೇಕ ಉಬ್ಬರವಿಳಿತದ ಅಧ್ಯಯನಕ್ಕೆ ಎಷ್ಟು ಅಗತ್ಯವೋ ಚರಿತ್ರೆಯ ಅಧ್ಯಯನಕ್ಕೂ ಅಷ್ಟೇ ಅಗತ್ಯವಾದುದು.